ತೊಳೆ ತಿಂದವನ ಉಸಿರು

2025ರ ಜುಲೈ ತಿಂಗಳಲ್ಲಿ ಪತ್ತನಂತಿಟ್ಟ ಜಿಲ್ಲೆಯ ಪಂದಳದ ಸರಕಾರಿ ಬಸ್ ಡಿಪೋದಿಂದ ಹೊರಟ ವಾರ್ತೆಯೊಂದು ಕೇರಳದ ಉದ್ದಗಲಕ್ಕೂ ನಗೆಯನ್ನು ಹಂಚಿತ್ತು. ಬೆಳಗ್ಗಿನ ಪಾಳಿಗೆ ಹೊರಡಲಿದ್ದ ಚಾಲಕರನ್ನು ಎಂದಿನಂತೆ ಉಸಿರು ಪರೀಕ್ಷಿಸುವ ಯಂತ್ರದ ಮುಂದೆ ನಿಲ್ಲಿಸಲಾಯಿತು. ಮದ್ಯದ ಹನಿಯನ್ನೂ ಮುಟ್ಟಿಲ್ಲವೆಂದು ಆಣೆಯಿಟ್ಟವರು ಊದಿದಾಗಲೂ ಯಂತ್ರವು ಮದ್ಯವಿದೆಯೆಂದೇ ಸಾರಿತು. ವಿಚಾರಿಸಿ ನೋಡಿದರೆ, ಸಿಕ್ಕಿಬಿದ್ದವರೆಲ್ಲರೂ ಸಹೋದ್ಯೋಗಿಯೊಬ್ಬರು ಊರಿನಿಂದ ತಂದಿದ್ದ ಜೇನುಸವಿಯ ಬಕ್ಕೆ ಹಲಸಿನ ಹಣ್ಣನ್ನು ತಿಂದವರು. ಕೊನೆಗೆ, ಮೊದಲ ಪರೀಕ್ಷೆಯಲ್ಲಿ ಶೂನ್ಯ ಬಂದಿದ್ದವರೊಬ್ಬರು ಅದೇ ಹಣ್ಣಿನ ಕೆಲವು ತೊಳೆಗಳನ್ನು ತಿಂದು ಮತ್ತೆ ಊದಿದರು. ಯಂತ್ರವು ಅವರನ್ನೂ ಕುಡುಕರ ಪಟ್ಟಿಗೆ ಸೇರಿಸಿತು. ಅಲ್ಲಿಗೆ ಮನುಷ್ಯರು ಬಿಡುಗಡೆ ಹೊಂದಿದರು; ಹಣ್ಣು ಆರೋಪಿಯಾಯಿತು.

ತಿರುವನಂತಪುರದವರು ಇದನ್ನು ಓದಿ ನಕ್ಕು ಮರೆತಿರಬಹುದು. ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಮನೆಗಳಲ್ಲಿ ಹಾಗೆ ಮರೆಯುವಂತಿಲ್ಲ. ಇಲ್ಲಿ ವರ್ಷದ ಅರ್ಧಭಾಗವನ್ನು ಹಲಸಿಗೆ ಬರೆದುಕೊಟ್ಟಾಗಿದೆ. ಚಳಿ ಇಳಿಯುವಾಗ ಗುಜ್ಜೆಯ ಪಲ್ಯ, ಬಿಸಿಲು ಏರಿದಾಗ ಬೆಳೆದ ಕಾಯಿಯ ಹಪ್ಪಳ, ಹಣ್ಣು ಬಿದ್ದಾಗ ಬಾಳೆಯೆಲೆಯಲ್ಲಿ ಬೇಯಿಸಿದ ಕೊಟ್ಟಿಗೆ, ಮಿಕ್ಕಿದ್ದಕ್ಕೆ ಬೆಲ್ಲ ಹಾಕಿ ಕಾಯಿಸಿದ ಬೆರಟಿ, ಬೇಳೆಯಿಂದ ಸಾಂತಾಣಿ, ರೆಚ್ಚೆ ಹಟ್ಟಿಯ ಹಸುವಿಗೆ. ಮಳೆಗಾಲಕ್ಕೆಂದು ಅಟ್ಟದ ಭರಣಿಯಲ್ಲಿ ಉಪ್ಪುಸೊಳೆ ಬೇರೆ. ಇಷ್ಟೆಲ್ಲ ಆದ ಮೇಲೆಯೂ ಮರದಲ್ಲಿ ಹಣ್ಣು ಉಳಿದಿರುತ್ತದೆ. ನೆರೆಮನೆಗೆ ಕೊಡೋಣವೆಂದರೆ ಅವರ ಅಂಗಳದಲ್ಲಿ ಮೂರು ಬಿದ್ದಿರುತ್ತವೆ. ಆದಕಾರಣ ಪೇಟೆಯಲ್ಲಿ ಉದ್ಯೋಗದಲ್ಲಿರುವವನು ಕಚೇರಿಗೊಂದು ಹಣ್ಣು ಹೊತ್ತೊಯ್ಯುವುದು ಈ ಸೀಮೆಯಲ್ಲಿ ಔದಾರ್ಯವೆನಿಸದು, ಅದು ಮನೆಯವರ ಒತ್ತಾಯ. ಪಂದಳದಲ್ಲಿ ನಡೆದದ್ದು ಕಾಸರಗೋಡಿನ ಡಿಪೋದಲ್ಲಿ ಇಷ್ಟು ಕಾಲ ನಡೆಯದೆ ಉಳಿದುದೇ ಆಶ್ಚರ್ಯ.

ಯಂತ್ರದ ತಪ್ಪೇನೆಂಬುದನ್ನು ಮೊದಲು ನೋಡಬೇಕು. ಉಸಿರಿನಲ್ಲಿ ಮದ್ಯಸಾರದ ಆವಿಯಿದ್ದರೆ ಅದು ಯಂತ್ರದೊಳಗಿನ ಪ್ಲಾಟಿನಂ ಲೇಪದ ತಗಡಿನ ಮೇಲೆ ಆಮ್ಲವಾಗಿ ಮಾರ್ಪಟ್ಟು ಒಂದಿಷ್ಟು ವಿದ್ಯುತ್ತನ್ನು ಹುಟ್ಟಿಸುತ್ತದೆ. ವಿದ್ಯುತ್ತು ಹೆಚ್ಚಿದಷ್ಟು ಅಂಕ ಹೆಚ್ಚು. 2100 ಮಿಲಿಲೀಟರ್ ಉಸಿರಿನಲ್ಲಿರುವಷ್ಟು ಮದ್ಯಸಾರವು 1 ಮಿಲಿಲೀಟರ್ ರಕ್ತದಲ್ಲಿರುತ್ತದೆಂಬ ಲೆಕ್ಕವನ್ನು ಹಿಡಿದು ಅದು ರಕ್ತದ ಪ್ರಮಾಣವನ್ನು ತಾನೇ ಊಹಿಸಿ ಹೇಳುತ್ತದೆ. ಊದಿದ ಗಾಳಿ ಶ್ವಾಸಕೋಶದ ಆಳದಿಂದ ಬಂದದ್ದೆಂದು ನಂಬುವುದು ಅದರ ಗುಣ. ಅದು ಹಲ್ಲಿನ ಸಂದಿಯಿಂದಲೂ ಬಂದಿರಬಹುದೆಂಬ ಸಂಶಯ ಅದಕ್ಕೆ ಬಾರದು. ಅತ್ತ ಹಲಸಿನ ಹಣ್ಣಿನ 100 ಗ್ರಾಂ ತೊಳೆಯಲ್ಲಿ ಸುಮಾರು 19 ಗ್ರಾಂ ಸಕ್ಕರೆಯುಂಟು. ಹಣ್ಣು ಒಂದು ದಿನ ಹೆಚ್ಚು ಕಳಿತರೆ ಗಾಳಿಯಲ್ಲಿರುವ ಹುದುಗು ಆ ಸಕ್ಕರೆಯ ಮೇಲೆ ಕುಳಿತು ತನ್ನ ಉದ್ಯೋಗವನ್ನು ಆರಂಭಿಸುತ್ತದೆ. ಹುಟ್ಟುವ ಮದ್ಯಸಾರ ತೀರ ಅಲ್ಪ. ತಿಂದವನ ತಲೆಗೆ ಅದರ ಸುದ್ದಿಯೂ ಮುಟ್ಟದು, ಬಾಯಿಯಲ್ಲಿ ಮಾತ್ರ ಕೆಲವು ನಿಮಿಷ ತಂಗುತ್ತದೆ. ನೀರು ಮುಕ್ಕಳಿಸಿ ಕಾಲು ಗಂಟೆ ಕಾದರೆ ಅದೂ ಇಲ್ಲ. ಬಾಯಿಯ ಸುಳ್ಳು ಕಾಲು ಗಂಟೆಯದು, ಕುಡಿದವನ ರಕ್ತದ ಸತ್ಯ ಹಲವು ಗಂಟೆಗಳದು. ಇವೆರಡನ್ನು ಬೇರ್ಪಡಿಸಲು ಬೇಕಾದದ್ದು ಒಂದು ಗಡಿಯಾರ.

ಆದರೆ ಗಡಿಯಾರ ನೋಡುವಷ್ಟು ತಾಳ್ಮೆ ಕಚೇರಿಗಳಿಗೆ ಇರುತ್ತದೆಂದು ಯಾರು ಹೇಳಬಲ್ಲರು? ಇಂತಹ ವಾರ್ತೆ ಮೇಲಧಿಕಾರಿಗಳ ಮೇಜಿಗೆ ಬಂದಾಗ ಸುತ್ತೋಲೆಯೊಂದು ಹೊರಡುವುದು ಲೋಕಾರೂಢಿ. ಡಿಪೋದ ಆವರಣದಲ್ಲಿ ಹಲಸನ್ನು ತರುವುದು, ಕೊಯ್ಯುವುದು, ಹಂಚುವುದು, ಮೂಸುವುದು ನಿಷಿದ್ಧವೆಂದು ಅದರಲ್ಲಿ ಇರಬಹುದು. ಸುತ್ತೋಲೆಗೆ ಸ್ಪಷ್ಟೀಕರಣ ಕೇಳಿ ಕೆಳಗಿನಿಂದ ಪತ್ರ ಹೋಗುವುದೂ ಅಷ್ಟೇ ನಿಶ್ಚಿತ. ನಿಷೇಧವು ಬಕ್ಕೆಗೋ, ತುಳುವಕ್ಕೂ ಅನ್ವಯವೋ? ಗುಜ್ಜೆಗೆ ವಿನಾಯಿತಿ ಉಂಟೋ? ಹಪ್ಪಳ ಹಲಸಿನ ವ್ಯಾಖ್ಯೆಯಲ್ಲಿ ಬರುವುದೋ? ಕಾಸರಗೋಡಿನ ಸಪ್ತಭಾಷಾ ಸಂಗಮದಲ್ಲಿ ಇದಕ್ಕೆ ಉತ್ತರ ದೊರಕುವಷ್ಟರಲ್ಲಿ ಹಲಸಿನ ಕಾಲ ಮುಗಿದು ಅಣಬೆಯ ಕಾಲ ಬಂದಿರುತ್ತದೆ.

ಪ್ರಯಾಣಿಕರ ಗತಿ ಬೇರೆ. ಗೋಣಿಚೀಲದಲ್ಲಿ ಹಣ್ಣನ್ನು ಕಟ್ಟಿಕೊಂಡು ಬದಿಯಡ್ಕದಲ್ಲಿ ಬಸ್ಸೇರುವ ಅಜ್ಜನಿಗೆ ಈವರೆಗೆ ನಿರ್ವಾಹಕರು ಲಗೇಜಿನ ಚೀಟಿ ಕೊಡುವುದೋ ಬಿಡುವುದೋ ಎಂದಷ್ಟೇ ಚಿಂತಿಸುತ್ತಿದ್ದರು. ಇನ್ನು ಮುಂದೆ ಹಣ್ಣಿನ ವಯಸ್ಸು ಕೇಳಬೇಕಾದೀತು. ತೊಟ್ಟಿನ ಬಳಿ ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಇದು ನಾಳೆ ಹಣ್ಣಾಗುವಂಥದು, ಪ್ರಯಾಣಕ್ಕೆ ಅರ್ಹ ಎಂದು ಬರೆದುಕೊಡಬೇಕಾದೀತು. ಈ ವಿದ್ಯೆಯಲ್ಲಿ ಪಳಗಿದವರು ಊರಿನಲ್ಲಿ ಈಗ ವಿರಳ. ಹಲಸನ್ನು ತಟ್ಟಿ ನೋಡಲು ತಿಳಿದವರಿಗೆ ಉದ್ಯೋಗ ನೇಮಕಾತಿಯಲ್ಲಿ ಆದ್ಯತೆ ದೊರೆತರೆ ಅದೊಂದೇ ಈ ಪ್ರಕರಣದ ಲಾಭ.

ಕಾಸರಗೋಡಿನಿಂದ ಮಂಗಳೂರಿಗೆ ಓಡುವ ಬಸ್ಸುಗಳದು ಅಂತರರಾಜ್ಯ ಸಮಸ್ಯೆ. ಎರಡು ರಾಜ್ಯಗಳ ಸಾರಿಗೆ ನಿಗಮಗಳು ಐದು ಇಂಗ್ಲಿಷ್ ಅಕ್ಷರಗಳ ಒಂದು ಸಂಕ್ಷಿಪ್ತನಾಮ ಯಾರದೆಂದು ವರ್ಷಗಟ್ಟಲೆ ವ್ಯಾಜ್ಯ ಹೂಡಿದವು. ಹಣ್ಣನ್ನು ಮಂಗಳೂರಿನಲ್ಲಿ ತಿಂದು, ತಲಪಾಡಿಯನ್ನು ದಾಟಿ, ಕಾಸರಗೋಡಿನಲ್ಲಿ ಊದಿದರೆ ಆ ಉಸಿರು ಯಾವ ರಾಜ್ಯದ್ದೆಂಬ ಪ್ರಶ್ನೆಯನ್ನು ಅವು ಸುಮ್ಮನೆ ಬಿಟ್ಟಾವೆಂದು ತೋರುವುದಿಲ್ಲ.

ಇವೆಲ್ಲ ಸಣ್ಣ ತೊಡಕುಗಳು. ನಿಜವಾದ ಅನಾಹುತ ವಿವರಣಾ ಪತ್ರದಲ್ಲಿದೆ.

ಗಡಿನಾಡಿನ ಒಬ್ಬ ಚಾಲಕನನ್ನು ಕಲ್ಪಿಸಿಕೊಳ್ಳಬಹುದು. ಪೆರ್ಲದ ಆಚೆಯವನು, ಕನ್ನಡ ಮಾಧ್ಯಮದಲ್ಲಿ ಓದಿದವನು, ಮದ್ಯವೆಂಬುದನ್ನು ಗಾಯಕ್ಕೆ ಹಚ್ಚುವ ಔಷಧದ ವಾಸನೆಯಿಂದ ಮಾತ್ರ ಬಲ್ಲವನು. ಹಸಿದು ಹಲಸು, ಉಂಡು ಮಾವು ಎಂಬ ಗಾದೆಯ ಮೇಲೆ ವಿಶ್ವಾಸವಿಟ್ಟು ಬೆಳಗ್ಗೆ ಬರಿಹೊಟ್ಟೆಯಲ್ಲಿ ಹಣ್ಣು ತಿಂದು ಊದಿದ್ದಾನೆ, ಸಿಕ್ಕಿಬಿದ್ದಿದ್ದಾನೆ. ಲಿಖಿತ ವಿವರಣೆ ಕೊಡೆಂದು ಆಜ್ಞೆಯಾಗಿದೆ. 1969ರ ಕೇರಳ ರಾಜಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ನೀಡಿದೆಯೆಂದು ಅವನಿಗೆ ಹೈಸ್ಕೂಲಿನ ಕನ್ನಡ ಪಂಡಿತರು ಹೇಳಿದ್ದು ನೆನಪಿದೆ. ಅವನು ಹಕ್ಕನ್ನು ಚಲಾಯಿಸುತ್ತಾನೆ. ಮನೆಯಲ್ಲಿ ಆಡುವ ‘ಸೊಳೆ’ ಎಂಬ ಮಾತು ಕಚೇರಿಯ ಕಾಗದಕ್ಕೆ ತಕ್ಕುದಲ್ಲವೆಂದು ತೋರಿ, ಪಂಡಿತರಿಗೆ ಅವಮಾನವಾಗದಂತೆ ಶುದ್ಧ ಗ್ರಾಂಥಿಕದಲ್ಲಿ ಬರೆಯುತ್ತಾನೆ: ‘ಕರ್ತವ್ಯಕ್ಕೆ ಹಾಜರಾಗುವ ಮುನ್ನ ವಿಶ್ರಾಂತಿ ಕೊಠಡಿಯಲ್ಲಿ ಆರು ತೊಳೆಗಳನ್ನು ಸೇವಿಸಿರುವುದು ನಿಜ. ಅದರ ಹೊರತು ಏನನ್ನೂ ಸೇವಿಸಿಲ್ಲ.’

ಪತ್ರವು ಭಾಷಾಂತರಕ್ಕೆ ಹೋಗುತ್ತದೆ. ಕನ್ನಡ ಬಲ್ಲ ಗುಮಾಸ್ತರ ಹುದ್ದೆ ಎಂದಿನಂತೆ ತೆರವಾಗಿರುವುದರಿಂದ, ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದ ಸಜ್ಜನರೊಬ್ಬರು ನಿಘಂಟನ್ನು ತೆರೆಯುತ್ತಾರೆ. ತೊಳೆ ಎಂಬುದಕ್ಕೆ ಮೊದಲು ಕಣ್ಣಿಗೆ ಬೀಳುವ ಅರ್ಥ ಶುಚಿಗೊಳಿಸು, ಇಂಗ್ಲಿಷಿನಲ್ಲಿ ವಾಶ್. ಅದನ್ನೇ ಬರೆಯುತ್ತಾರೆ. ಅಬಕಾರಿ ಇಲಾಖೆಯ ಭಾಷೆಯಲ್ಲಿ ವಾಶ್ ಎಂದರೆ ಏನೆಂಬುದು ಈ ಜಿಲ್ಲೆಯ ಪತ್ರಿಕೆಗಳನ್ನು ಓದುವವರಿಗೆ ಹೇಳಬೇಕಾಗಿಲ್ಲ. ಕಾಡಿನಂಚಿನಲ್ಲಿ, ತೋಡಿನ ಬದಿಯಲ್ಲಿ, ನೀಲಿ ಬಣ್ಣದ ಪೀಪಾಯಿಗಳಲ್ಲಿ ಪತ್ತೆಯಾಗಿ, ಕನ್ನಡ ವಾರ್ತೆಯಲ್ಲಿ ‘ಹುಳಿರಸ’ವೆಂಬ ಹೆಸರಿನಿಂದ ನಾಶಪಡಿಸಲ್ಪಡುವ, ಕಳ್ಳಭಟ್ಟಿ ಸಾರಾಯಿಯ ಮೂಲದ್ರವ್ಯವೇ ಅದು. ಆರು ಎಂಬುದರ ಮುಂದೆ ಅಳತೆಯಿಲ್ಲದಿರುವುದನ್ನು ಗಮನಿಸಿದ ಮೇಲಿನವರು, ಕಡತ ಹಿಂದಿರುಗಿ ಬಾರದಿರಲೆಂಬ ಸದುದ್ದೇಶದಿಂದ ‘ಲೀಟರ್’ ಎಂದು ಸೇರಿಸುತ್ತಾರೆ. ಆರು ಲೀಟರ್ ಹುಳಿರಸ ಕುಡಿದು ಬಸ್ ಓಡಿಸಲು ಹೊರಟವನ ತಪ್ಪೊಪ್ಪಿಗೆ ಅವನದೇ ಅಕ್ಷರದಲ್ಲಿ ಸಿದ್ಧವಾಗಿದೆ.

ಮರುದಿನ ಅವನ ಮನೆಯಂಗಳದಲ್ಲಿ ಅಬಕಾರಿ ಜೀಪು. ಮನೆಯಲ್ಲಿರುವುದು ಅಜ್ಜಿಯೊಬ್ಬರೇ. ಖಾಕಿ ಧರಿಸಿದವರನ್ನು ಕಂಡು ಮೊಮ್ಮಗನ ಸ್ನೇಹಿತರೆಂದು ಭಾವಿಸಿ, ಚೆಂಬಿನಲ್ಲಿ ನೀರು ತಂದಿಟ್ಟು, “ಕಾಲು ತೊಳೆದು ಬನ್ನಿ ಮಕ್ಕಳೇ” ಎನ್ನುತ್ತಾರೆ. ಜೊತೆಯಲ್ಲಿ ಬಂದ ಭಾಷಾಂತರಕಾರರು ಹೌಹಾರುತ್ತಾರೆ. ತೊಳೆಯ ಅರ್ಥ ಅವರಿಗೆ ನಿನ್ನೆಯೇ ತಿಳಿದಿದೆ. ಕಾಲು ಎಂದರೆ ನಾಲ್ಕನೆಯ ಒಂದು ಭಾಗ, ಅಂಗಡಿಯ ಭಾಷೆಯಲ್ಲಿ ಕ್ವಾರ್ಟರ್. ಮನೆಯ ಹಿರಿಯರು ಬಂದವರಿಗೆಲ್ಲ ತಲಾ ಒಂದು ಕ್ವಾರ್ಟರ್ ನೀಡುವ ವಾಗ್ದಾನ ಮಾಡಿದರೆಂದು ಮಹಜರಿನಲ್ಲಿ ದಾಖಲಾಗುತ್ತದೆ.

ಶೋಧ ಅಟ್ಟದವರೆಗೂ ಏರುತ್ತದೆ. ಅಲ್ಲಿ ಸಾಲಾಗಿ ಮೂರು ಭರಣಿಗಳು. ಬಾಯಿಗೆ ಬಟ್ಟೆ ಕಟ್ಟಿದೆ. ಬಿಚ್ಚಿದರೆ ಹುಳಿಯ ಘಾಟು ಮೂಗಿಗೆ ಅಡರುತ್ತದೆ. ಒಳಗೆ ಮಬ್ಬು ನೀರು, ನೀರಿನ ಮೇಲೊಂದು ಹೊಳೆಯ ಗುಂಡುಕಲ್ಲು, ಕಲ್ಲಿನಡಿಯಲ್ಲಿ ಮಾಸಲು ಬಣ್ಣದ ತುಂಡುಗಳು. ಇಷ್ಟು ವ್ಯವಸ್ಥಿತವಾದ ಭಟ್ಟಿಯನ್ನು ಇಲಾಖೆ ಈವರೆಗೆ ಕಂಡದ್ದಿಲ್ಲ. ಎಷ್ಟು ಸಮಯದಿಂದ ಈ ದಂಧೆ ಎಂದು ಕೇಳಿದರೆ ಅಜ್ಜಿ, “ನನ್ನ ಅತ್ತೆಯವರ ಕಾಲದಿಂದಲೂ ಹಾಕುತ್ತಾ ಬಂದದ್ದು. ಆಟಿಯ ಮಳೆಗೆ ಬೇರೆ ತರಕಾರಿ ಎಲ್ಲಿರುತ್ತದೆ ಮಗಾ?” ಎನ್ನುತ್ತಾರೆ. ಯಾರಿಗೆ ಪೂರೈಕೆ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಭಯಂಕರ: “ಬೆಂಗಳೂರಿನ ಮಗಳಿಗೆ, ಮುಂಬಯಿಯ ಸಣ್ಣವನಿಗೆ, ಕಳೆದ ವರ್ಷ ದುಬಾಯಿಗೂ ಒಂದು ಡಬ್ಬಿ ಹೋಯಿತು.”

ಅಂತರರಾಷ್ಟ್ರೀಯ ಜಾಲ ಬಯಲಾದ ಸಂಭ್ರಮದಲ್ಲಿ ಹಸಿವು ಮರೆತಿದ್ದ ಸಿಬ್ಬಂದಿಯ ಮುಂದೆ ಅಜ್ಜಿ ಉಪ್ಪುಸೊಳೆಯ ರೊಟ್ಟಿಯನ್ನು ತಂದಿಡುತ್ತಾರೆ. ಜೊತೆಗೆ ಕರಿದ ಉಂಡ್ಲಕಾಳು, ಕಾಫಿ. ಮುಖ್ಯ ಸಾಕ್ಷ್ಯವನ್ನು ಹೀಗೆ ತಿಂದು ಮುಗಿಸಿದ ಮೇಲೆ ಭಾಷಾಂತರಕಾರರಿಗೆ ತೊಳೆ ಎಂಬ ಶಬ್ದದ ಎರಡನೆಯ ಅರ್ಥ ಹೊಳೆಯುತ್ತದೆ. ನಿಘಂಟುಗಳು ಅಡುಗೆಮನೆಯಲ್ಲಿ ತಯಾರಾಗಬೇಕೆಂದು ಅವರಿಗೆ ಅನ್ನಿಸಿದರೆ ತಪ್ಪಿಲ್ಲ. ಹೊರಡುವಾಗ ಅಜ್ಜಿ ಬರಿಗೈಯಲ್ಲಿ ಕಳುಹಿಸುವವರಲ್ಲ. ಅಂಗಳದಲ್ಲಿ ಬಿದ್ದಿದ್ದ ತುಳುವ ಹಣ್ಣನ್ನು ಬಿಡಿಸಿ ಎಲ್ಲರಿಗೂ ತಿನ್ನಿಸಿಯೇ ಬಿಡುತ್ತಾರೆ. ಪೇಟೆಯ ತಿರುವಿನಲ್ಲಿ ಪೊಲೀಸರ ವಾಹನ ತಪಾಸಣೆ ನಡೆದಿದೆ. ಜೀಪಿನ ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಊದುತ್ತಾನೆ.

ಕಲ್ಪನೆಯನ್ನು ಇಲ್ಲಿಗೆ ನಿಲ್ಲಿಸುವುದು ಲೇಸು. ಏಕೆಂದರೆ ಯಂತ್ರದ ಮುಂದೆ ನಿಲ್ಲುವವನಿಗೆ ಇದರಲ್ಲಿ ನಗೆಯೇನೂ ಇಲ್ಲ. ಕೇರಳದ ಸರಕಾರಿ ಬಸ್ ಡಿಪೋಗಳಲ್ಲಿ ಉಸಿರಿನ ತಪಾಸಣೆ ಬಿಗಿಯಾದದ್ದು 2024ರಲ್ಲಿ. ಮದ್ಯ ಕುಡಿದು ಬಸ್ ಹತ್ತುವವರನ್ನು ತಡೆಯಲು ಅದು ಬೇಕಾದ ಕ್ರಮವೇ. ಅದರಿಂದ ಸಿಕ್ಕಿಬಿದ್ದು ಅಮಾನತುಗೊಂಡವರು ಅನೇಕರು. ಮೋಟಾರು ವಾಹನ ಕಾಯಿದೆಯ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ನೂರಾರು ಜನರ ಪ್ರಾಣ ಹೊತ್ತು ಸಾಗುವವನಿಗೆ ನಿಗಮ ಇನ್ನೂ ಕಠಿಣವಾದ ಅಳತೆಗೋಲನ್ನು ಹಿಡಿಯುವುದರಲ್ಲಿಯೂ ಅನ್ಯಾಯವಿಲ್ಲ. ಆದರೆ ಯಂತ್ರ ಹೇಳಿದ್ದೇ ಕೊನೆಯ ಮಾತಾದರೆ, ದಿನಗೂಲಿಯ ಬದಲಿ ಚಾಲಕನೊಬ್ಬ ಆ ದಿನದ ಸಂಬಳವನ್ನೂ ಊರಿನಲ್ಲಿ ಹೆಸರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ. ಸಂಬಳ ನಾಳೆ ಬಂದೀತು. ‘ಯಂತ್ರದಲ್ಲಿ ಸಿಕ್ಕಿದವ’ ಎಂಬ ಬಿರುದು ಮಗಳ ಮದುವೆಯ ಮಾತುಕತೆಯವರೆಗೂ ಹಿಂಬಾಲಿಸುತ್ತದೆ. ಇತ್ತ ಅವನು ಓಡಿಸಬೇಕಿದ್ದ ಬಸ್ಸು ನಿಂತರೆ, ದಿನಕ್ಕೆ ಎರಡೇ ಬಸ್ಸುಗಳಿರುವ ಒಳಭಾಗದ ಹಾದಿಯಲ್ಲಿ ಶಾಲೆಯ ಮಕ್ಕಳು ಕೊಡೆ ಹಿಡಿದು ಕಾದು ಮನೆಗೆ ಮರಳುತ್ತಾರೆ.

ಈ ದೃಷ್ಟಿಯಿಂದ ನೋಡಿದರೆ ಪಂದಳದಲ್ಲಿ ಶೂನ್ಯ ಬಂದಿದ್ದರೂ ಮತ್ತೆ ಊದಲು ನಿಂತ ಆ ಚಾಲಕ ಮಾಡಿದ್ದು ಸಣ್ಣ ಕೆಲಸವಲ್ಲ. ತನ್ನ ಹೆಸರು ಸ್ವಚ್ಛವಾಗಿದ್ದಾಗ ಅದನ್ನು ಪಣಕ್ಕಿಟ್ಟು, ಜೊತೆಗಾರನಿಗಾಗಿ ಹಣ್ಣು ತಿಂದ. ರಕ್ತಪರೀಕ್ಷೆಗೆ ಕಳುಹಿಸಿ ಎಂದು ಕೇಳುವ ಅವಕಾಶ ಎಲ್ಲರಿಗೂ ಇದೆಯಾದರೂ ಆಸ್ಪತ್ರೆಗೆ ಹೋಗಿ ಬರುವುದರೊಳಗೆ ಪಾಳಿ ಮುಗಿದಿರುತ್ತದೆ. ಒಂದು ಲೋಟ ನೀರು, ಹದಿನೈದು ನಿಮಿಷದ ಬಿಡುವು, ಎರಡನೆಯ ಊದು. ಇಷ್ಟನ್ನು ಪ್ರತಿ ಡಿಪೋದ ಗೋಡೆಯ ಮೇಲೆ ಬರೆದು ಹಾಕಲು ತಗಲುವ ವೆಚ್ಚ ಬಣ್ಣದ ಡಬ್ಬಿಯೊಂದರದು. ಕಾಸರಗೋಡಿನಲ್ಲಿ ಅದನ್ನು ಕನ್ನಡದಲ್ಲಿಯೂ ಬರೆದರೆ ನಿಘಂಟಿನ ಕೆಲಸ ಉಳಿಯುತ್ತದೆ.

ಹಣ್ಣಿನ ಮಾನವೂ ಇಲ್ಲಿ ಪ್ರಶ್ನೆಯಲ್ಲಿದೆ. ಕೇರಳ ಸರಕಾರವು 2018ರ ಮಾರ್ಚ್ 21ರಂದು ಹಲಸನ್ನು ರಾಜ್ಯದ ಅಧಿಕೃತ ಫಲವೆಂದು ಘೋಷಿಸಿತು. ತಮಿಳುನಾಡಿಗೂ ಅದೇ ರಾಜ್ಯಫಲ, ಬಾಂಗ್ಲಾದೇಶಕ್ಕೆ ರಾಷ್ಟ್ರಫಲ. ಇಂಗ್ಲಿಷಿನವರು ಅದನ್ನು ಕರೆಯುವ ಹೆಸರು ಕೂಡ ಮಲಯಾಳದ ಚಕ್ಕ ಎಂಬ ಮಾತು ಪೋರ್ಚುಗೀಸರ ಬಾಯಿಯಲ್ಲಿ ಹೊರಳಿ ಹೋದದ್ದು. ರಾಜ್ಯದ ಅಧಿಕೃತ ಫಲವನ್ನು ತಿಂದ ಕಾರಣಕ್ಕೆ ರಾಜ್ಯದ ಅಧಿಕೃತ ಬಸ್ಸನ್ನು ಓಡಿಸಲಾಗದ ಸ್ಥಿತಿಯನ್ನು ಘೋಷಣೆಯ ದಿನ ಯಾರೂ ಊಹಿಸಿರಲಿಲ್ಲ. ದೂರದ ದೇಶಗಳ ಹೋಟೆಲುಗಳಲ್ಲಿ ಗುಜ್ಜೆಯನ್ನು ಮಾಂಸದ ಬದಲಿಗೆ ಬಡಿಸಿ ದುಬಾರಿ ಬೆಲೆ ವಸೂಲು ಮಾಡುತ್ತಾರೆ. ತುಮಕೂರು ಜಿಲ್ಲೆಯ ಚೇಳೂರಿನ ಒಂದೇ ಒಂದು ಮರ ‘ಸಿದ್ದು’ ಎಂಬ ಕೆಂಪು ತೊಳೆಯ ತಳಿಯಾಗಿ ಪ್ರಸಿದ್ಧವಾಗಿದೆ, ಅದರ ಕಸಿ ಗಿಡಕ್ಕೆ ಜನ ಸರದಿ ನಿಲ್ಲುತ್ತಾರೆ. ಪುತ್ತೂರಿನ ‘ಅಡಿಕೆ ಪತ್ರಿಕೆ’ ಮತ್ತು ಅದರ ಸಂಪಾದಕರಾದ ಶ್ರೀ ಪಡ್ರೆಯವರು ಹಲಸಿನ ಮೌಲ್ಯವರ್ಧನೆಯ ಬಗ್ಗೆ ಬರೆದದ್ದು ಒಂದೆರಡು ವರ್ಷದ ಮಾತಲ್ಲ. ಇಷ್ಟಾದರೂ ಕುಂಬಳೆ ಸೀಮೆಯ ತೋಟಗಳಲ್ಲಿ ಜೂನ್ ತಿಂಗಳ ಮಳೆಗೆ ಹಣ್ಣು ಬಿದ್ದು ಕೊಳೆಯುವುದು ನಿಂತಿಲ್ಲ. ಮರ ಹತ್ತುವವರಿಲ್ಲ, ಹತ್ತುವವರು ಕೇಳುವ ಕೂಲಿಗೆ ಹಣ್ಣಿನ ಬೆಲೆ ಸಾಲದು. ಕಾರಡ್ಕ, ದೇಲಂಪಾಡಿ ಕಡೆಯ ಕಾಡಂಚಿನಲ್ಲಿ ಕಾಡಾನೆಗಳ ಭಯವೂ ಸೇರಿದೆ. ಹಲಸು ಹಣ್ಣಾದ ವಾಸನೆಯನ್ನು ಯಾವ ಯಂತ್ರಕ್ಕಿಂತಲೂ ದೂರದಿಂದ ಹಿಡಿಯಬಲ್ಲ ಮೂಗು ಆನೆಯದು.

ಅಂದಹಾಗೆ ಹಲಸನ್ನು ಈ ನಾಡಿನಿಂದ ಬಹಿಷ್ಕರಿಸಲು ಹೊರಟವರು ಒಂದನ್ನು ಆಲೋಚಿಸಬೇಕು. ಚೆಂಡೆಯ ಹೊಟ್ಟೆ ಹಲಸಿನ ಮರದ್ದು, ಮದ್ದಳೆಯದೂ ಅದೇ. ಪಾರ್ತಿಸುಬ್ಬನ ನಾಡಿನಲ್ಲಿ ರಾತ್ರಿಯಿಡೀ ಬಯಲಾಟ ನೋಡಿ ಬಂದ ಚಾಲಕನ ಕಿವಿಯಲ್ಲಿಯೂ ಹಲಸೇ ತುಂಬಿರುತ್ತದೆ. ಅದನ್ನು ಅಳೆಯುವ ಉಪಕರಣ ಸದ್ಯಕ್ಕೆ ಬಂದಿಲ್ಲ.

ಪೆರ್ಲದ ಆಚೆಯ ಆ ಕಲ್ಪಿತ ಚಾಲಕ ಈಗ ಜಾಣನಾಗಿದ್ದಾನೆ. ಡಿಪೋದಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ ಹಣ್ಣನ್ನು ಅಲ್ಲಿ ಕೊಯ್ಯುವುದಿಲ್ಲ. ಕೊನೆಯ ಟ್ರಿಪ್ಪಿನಲ್ಲಿ ಗೋಣಿಯಲ್ಲಿ ಸುತ್ತಿ ತನ್ನ ಸೀಟಿನ ಹಿಂದೆ ಇಡುತ್ತಾನೆ. ಬದಿಯಡ್ಕ ದಾಟುವಷ್ಟರಲ್ಲಿ ಪರಿಮಳ ಹಿಂಬದಿಯ ಸೀಟಿನವರೆಗೂ ತಲಪಿರುತ್ತದೆ. ಇಳಿಯುವವರೆಲ್ಲ ಅದು ಯಾವ ಮನೆಯ ಮರದ್ದೆಂದು ವಿಚಾರಿಸಿಯೇ ಇಳಿಯುತ್ತಾರೆ. ಮನೆಯಲ್ಲಿ ಅಜ್ಜಿ ಮೆಟ್ಟುಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಂಡು ಕುಳಿತಿದ್ದಾರೆ. ಹಣ್ಣು ಎರಡು ಹೋಳಾಗುತ್ತದೆ, ಗೂಂಜು ಬೇರ್ಪಡುತ್ತದೆ, ಸೊಳೆಗಳು ತಟ್ಟೆ ತುಂಬುತ್ತವೆ.

“ನಾಳೆ ಡ್ಯೂಟಿ ಎಷ್ಟಕ್ಕೆ ಮಗಾ?” ಎಂದು ಅಜ್ಜಿ ಕೇಳುತ್ತಾರೆ.

“ಬೆಳಗ್ಗೆ ಐದೂವರೆಗೆ.”

ಅಜ್ಜಿ ಗೋಡೆಯ ಗಡಿಯಾರವನ್ನು ನೋಡಿ, ಬೆರಳು ಮಡಚಿ ಲೆಕ್ಕ ಹಾಕಿ, ತಟ್ಟೆಯನ್ನು ಅವನ ಕಡೆಗೆ ಸರಿಸುತ್ತಾರೆ. “ಹಾಗಾದರೆ ಈಗಲೇ ತಿಂದು ಮುಗಿಸು. ಬೆಳಗ್ಗೆ ಕೇಳಿದರೆ ಒಂದು ಸೊಳೆಯೂ ಇಲ್ಲ.”